ಕೇಳಿದನು, ಕೇಳುವನು, ಕೇಳನು
ಹಳೆಯ ಈಜಿಪ್ಟಿನ ಕ್ರಿಯಾಪದವನ್ನು ಕುರಿತು

(ನಮ್ಮ ವಾಚನಾಲಯದ ಭಾನುವಾರದ ಕೂಟದಲ್ಲಿ ಮಾಡಿದ ಭಾಷಣ)



ಹೋದ ತಿಂಗಳು ಇದೇ ಮೇಜಿನ ಸುತ್ತ ನಡೆದ ಒಂದು ವಾದವೇ ಇಂದಿನ ಭಾಷಣಕ್ಕೆ ಕಾರಣ. ಗೆಳೆಯರೊಬ್ಬರು ಪತ್ರಿಕೆಯ ತುಣುಕೊಂದನ್ನು ತಂದು, "ಸಾವಿರದೆಂಟುನೂರು ವರ್ಷದ ಹಿಂದೆಯೇ ಈಜಿಪ್ಟ್ ದೇಶದ ನಾಟಕದಲ್ಲಿ ಕನ್ನಡ ಮಾತಾಡಿದ್ದಾರೆ, ಇದನ್ನು ದೊಡ್ಡ ಅಕ್ಷರದಲ್ಲಿ ಬರೆದು ಗೋಡೆಗೆ ಹಚ್ಚೋಣ" ಎಂದರು. ಮತ್ತೊಬ್ಬರು, "ಹಚ್ಚುವ ಮೊದಲು ನಿಜವೋ ಸುಳ್ಳೋ ನೋಡಬೇಡವೆ?" ಎಂದರು. ಮಾತಿಗೆ ಮಾತು ಬೆಳೆದು, ನೋಡುವ ಕೆಲಸ ನಮ್ಮ ಪಾಲಿಗೆ ಬಂದಿತು. ನೋಡುತ್ತ ಹೋದ ಹಾಗೆ ಒಂದು ಸಂಗತಿ ತಿಳಿಯಿತು. ಆ ವ್ಯಾಜ್ಯದ ಬಹುಭಾಗ ಒಂದು ಕ್ರಿಯಾಪದದ ಬಾಲದ ಮೇಲೆ ನಿಂತಿದೆ. ಸತ್ತ ಭಾಷೆಯ ಕ್ರಿಯಾಪದವನ್ನು ಓದುವುದು ಎಷ್ಟು ಕಷ್ಟ, ಅದನ್ನು ಹೇಗೆ ಓದುತ್ತಾರೆ ಎಂಬುದನ್ನು ಕಲಿಸಲು ಈಜಿಪ್ಟಿನ ಭಾಷೆಗಿಂತ ಒಳ್ಳೆಯ ಶಾಲೆ ಇನ್ನೊಂದಿಲ್ಲ. ಆದುದರಿಂದ ಮೊದಲು ಆ ದೇಶದ ಕ್ರಿಯಾಪದ, ಆಮೇಲೆ ನಮ್ಮ ವ್ಯಾಜ್ಯ.

ಕ್ರಿಯಾಪದದ ಬಾಲ ಹೋದರೆ ಏನಾಗುತ್ತದೆ ಎಂಬುದು ನಮಗೆ ಪುಸ್ತಕದಿಂದ ತಿಳಿದದ್ದಲ್ಲ. ನಾವು ಈ ಊರಿಗೆ ಬಂದ ಹೊಸದರಲ್ಲಿ ಒಂದೇ ಕೋಣೆಯಲ್ಲಿ ಆರು ಜನ ಇರುತ್ತಿದ್ದೆವು. ಮಳೆಗಾಲದಲ್ಲಿ ಊರಿನಿಂದ ತಮ್ಮನ ಕಾಗದ ಬಂದಿತು. ಅರ್ಧಕ್ಕರ್ಧ ನೀರಿನಲ್ಲಿ ನೆನೆದಿತ್ತು. ಓದಲು ಬಂದದ್ದು ಇಷ್ಟೇ: "ಅಣ್ಣನಿಗೆ ನಮಸ್ಕಾರಗಳು. ಸಾವಿರ ರೂಪಾಯಿ ಕಳಿಸಿ..." ಅಲ್ಲಿಂದ ಮುಂದೆ ಮಸಿಯ ಕಲೆ. ಅದು "ಕಳಿಸಿರಿ" ಎಂದಿರಬಹುದು, "ಕಳಿಸಿದ್ದೇವೆ" ಎಂದೂ ಇರಬಹುದು. ಆರು ಜನ ಕುಳಿತು ರಾತ್ರಿಯೆಲ್ಲ ಚರ್ಚೆ ಮಾಡಿದೆವು. ಊರಲ್ಲಿ ಏನೋ ಕಷ್ಟ ಬಂದಿರಬೇಕೆಂದು ನಾವು ಮರುದಿನ ಸಾಲ ಮಾಡಿ ಸಾವಿರ ರೂಪಾಯಿ ಮನಿಆರ್ಡರ್ ಮಾಡಿದೆವು. ಎರಡು ದಿನಕ್ಕೆ ಅಂಚೆಯವನು ಬಂದು ಸಾವಿರ ರೂಪಾಯಿ ನಮ್ಮ ಕೈಗೇ ಎಣಿಸಿದನು! ಹಳೆಯ ಬಾಕಿಯನ್ನು ತಮ್ಮ ತೀರಿಸಿದ್ದನು. ಧಾತು ಉಳಿದಿತ್ತು, ಪ್ರತ್ಯಯ ತೊಳೆದು ಹೋಗಿತ್ತು. ನಷ್ಟವಾದದ್ದು ಸಾಲದ ಬಡ್ಡಿ.

ಈಜಿಪ್ಟಿನ ಭಾಷೆಯನ್ನು ಓದುವವರ ಮುಂದೆ ಇರುವುದೆಲ್ಲ ಇಂಥ ನೆನೆದ ಕಾಗದಗಳೇ. ಏಕೆಂದರೆ ಅವರ ಚಿತ್ರಲಿಪಿಯಲ್ಲಿ ಸ್ವರಗಳನ್ನು ಬರೆಯುವ ಪದ್ಧತಿ ಇಲ್ಲ. ವ್ಯಂಜನ ಮಾತ್ರ. ನಮ್ಮಲ್ಲಿ ಯಾರಾದರೂ "ಕ್ ಳ್ ದ್ ನ್" ಎಂದು ಬರೆದಿಟ್ಟರೆ ಅದು ಕೇಳಿದನೋ, ಕೇಳಿದೆನೋ, ಕಳೆದನೋ, ಕಳೆದೆನೋ? 1799ರಲ್ಲಿ ರೊಸೆಟ್ಟಾ ಕಲ್ಲು ಸಿಕ್ಕಿತು, ಅದರಲ್ಲಿ ಕ್ರಿ.ಪೂ. 196ರ ಒಂದೇ ರಾಜಶಾಸನ ಚಿತ್ರಲಿಪಿಯಲ್ಲಿಯೂ, ಅದರ ಗೀಚುಬರಹದಲ್ಲಿಯೂ, ಗ್ರೀಕಿನಲ್ಲಿಯೂ ಇತ್ತು. 1822ರಲ್ಲಿ ಫ್ರಾನ್ಸಿನ ಶಾಂಪೋಲಿಯನ್ ಲಿಪಿಯ ಗುಟ್ಟನ್ನು ಬಿಡಿಸಿದನು. ಲಿಪಿ ಬಿಡಿಸಿದರೆ ಭಾಷೆ ಬಿಡಿಸಿದಂತಾಯಿತೆಂದು ಹೊರಗಿನವರು ತಿಳಿಯುತ್ತಾರೆ. ಹಾಗಲ್ಲ. ಅದರ ಕ್ರಿಯಾಪದದ ಬಗ್ಗೆ ವಿದ್ವಾಂಸರು ಎರಡು ನೂರು ವರ್ಷ ಜಗಳಾಡಿದ್ದಾರೆ, ಇನ್ನೂ ಆಡುತ್ತಿದ್ದಾರೆ.

ಕಪ್ಪುಹಲಗೆಯ ಮೇಲೆ ನಾವು ಮೂರು ಚಿತ್ರ ಬರೆದಿದ್ದೇವೆ. ಚಿತ್ರ ಕೆಟ್ಟದಾಗಿದೆ, ಕ್ಷಮಿಸಬೇಕು. ಮೊದಲನೆಯದು ದನದ ಕಿವಿ, ಎರಡನೆಯದು ಗೂಬೆ, ಮೂರನೆಯದು ಕೊಂಬುಳ್ಳ ಹಾವು. ಕಿವಿಯೆಂದರೆ "ಸ್-ಜ್-ಮ್" ಎಂಬ ಧಾತು, ಕೇಳು ಎಂದರ್ಥ. ಗೂಬೆ "ಮ್" ಎಂಬ ಅಕ್ಷರ. ಧಾತುವಿನ ಕೊನೆಯ ವ್ಯಂಜನವನ್ನೇ ಮತ್ತೊಮ್ಮೆ ಖಚಿತಪಡಿಸುತ್ತದೆ. ಹಾವು "ಫ್", ಅಂದರೆ ಅವನು. ಸ್ವರ ಗೊತ್ತಿಲ್ಲವಾದ್ದರಿಂದ ಪಂಡಿತರು ಅನುಕೂಲಕ್ಕಾಗಿ ನಡುನಡುವೆ ಎಕಾರ ಸೇರಿಸಿ "ಸೆಜೆಮೆಫ್" ಎನ್ನುವರು. ಅವನು ಕೇಳುತ್ತಾನೆ ಎಂದು ಸದ್ಯಕ್ಕೆ ಇಟ್ಟುಕೊಳ್ಳಿರಿ. ಶಾಲೆಯಲ್ಲಿ ನಮಗೆ "ಮಾಡು" ಧಾತುವನ್ನು ಮಾದರಿಯಾಗಿ ಕಲಿಸಿದ ಹಾಗೆ ಅವರಿಗೆ ಈ "ಕೇಳು" ಧಾತುವೇ ಮಾದರಿ.

ನಮ್ಮ "ಕೇಳು" ಧಾತುವಿಗೂ ಅದಕ್ಕೂ ಒಂದು ಹೋಲಿಕೆ ಇದೆ. "ಹುಡುಗ ಮಾತು ಕೇಳುವುದಿಲ್ಲ" ಎಂದು ನಾವು ಅಂದಾಗ ಅವನು ಕಿವುಡನೆಂದು ಅರ್ಥವಲ್ಲ. ಹೇಳಿದಂತೆ ನಡೆಯುವುದಿಲ್ಲ ಎಂದರ್ಥ. ಅಲ್ಲಿಯೂ ಹಾಗೆಯೇ. ಸೇವಕನಿಗೆ ಅವರ ಭಾಷೆಯಲ್ಲಿ "ಸೆಜೆಮ್-ಅಶ್" ಎಂದು ಹೆಸರು. ಕರೆ ಕೇಳುವವನು ಎಂಬುದು ಅದರ ಅಕ್ಷರಾರ್ಥ. ರಾಜರ ಗೋರಿಗಳನ್ನು ಕಡೆದ ದೈರ್ ಎಲ್-ಮದೀನಾ ಊರಿನ ಕೆಲಸಗಾರರಿಗೆ ಸರಕಾರಿ ಬಿರುದಿನಲ್ಲಿ ಇದೇ ಮಾತು ಇತ್ತು. ಮೂರನೆಯ ರಾಮ್ಸೆಸ್ ದೊರೆಯ 29ನೆಯ ವರ್ಷದಲ್ಲಿ, ಎಂದರೆ ಕ್ರಿ.ಪೂ. 12ನೆಯ ಶತಮಾನದ ನಡುಭಾಗದಲ್ಲಿ, ಕೂಲಿಯ ಕಾಳು ಹೊತ್ತಿಗೆ ಬಾರದಿರಲು ಈ "ಕರೆ ಕೇಳುವವರು" ಹತಾರ ಕೆಳಗಿಟ್ಟು ದೇವಾಲಯದ ಹಿಂದೆ ಹೋಗಿ ಕುಳಿತುಬಿಟ್ಟರು. ಬರಹದಲ್ಲಿ ಉಳಿದು ಬಂದಿರುವ ಮುಷ್ಕರಗಳಲ್ಲಿ ಅದೇ ಮೊದಲನೆಯದೆಂದು ಹೇಳುವರು. ವ್ಯಾಕರಣಕ್ಕೆ ಇದು ಸಂಬಂಧಿಸಿದ್ದಲ್ಲ. ಆದರೂ ಈ ಸಭೆಯಲ್ಲಿ ಹೇಳದೆ ಬಿಡಲು ಮನಸ್ಸಾಗಲಿಲ್ಲ.

ಇರಲಿ, ಹಾವಿನ ಕಡೆಗೆ ಬರೋಣ. ಕನ್ನಡದಲ್ಲಿ ಧಾತು ಮೊದಲು, ಕಾಲಸೂಚಕ ನಡುವೆ, ಯಾರು ಎಂಬುದು ಕೊನೆಯಲ್ಲಿ: ಕೇಳ್-ಇದ್-ಅನು, ಕೇಳ್-ಉವ್-ಅಳು. ಈಜಿಪ್ಟಿನಲ್ಲಿಯೂ ಯಾರು ಎಂಬುದು ಬಾಲದಲ್ಲಿಯೇ. ಆದರೆ ಅವರ ಬಾಲಕ್ಕೆ ಎರಡು ಉದ್ಯೋಗ. ಮನೆಯ ಚಿತ್ರದ ಮುಂದೆ ಅದೇ ಹಾವನ್ನು ಬರೆದರೆ "ಅವನ ಮನೆ" ಎಂದಾಗುತ್ತದೆ. ಕೇಳುವವನಿಗೂ ಮನೆಯೊಡೆಯನಿಗೂ ಒಂದೇ ಗುರುತು! ನಮ್ಮಲ್ಲಿಲ್ಲದ ಇನ್ನೊಂದು ಭೇದವೂ ಅವರಲ್ಲಿದೆ: ಗಂಡಸಿಗೆ ಹೇಳುವ "ನೀನು" ಬೇರೆ, ಹೆಂಗಸಿಗೆ ಹೇಳುವ "ನೀನು" ಬೇರೆ.

ಈಗ ಕಿವಿ-ಗೂಬೆಗೂ ಹಾವಿಗೂ ನಡುವೆ ಒಂದು ನೀರಿನ ಅಲೆ ಬರೆಯೋಣ. ಅಲೆ ಎಂದರೆ "ನ್". ಈಗ ಅದು "ಸೆಜೆಮೆನೆಫ್", ಅವನು ಕೇಳಿದನು. ಈ "ನ್" ಎಲ್ಲಿಂದ ಬಂದಿತು? ಗಾರ್ಡಿನರ್ ಮೊದಲಾದವರು ಕೊಟ್ಟ ಸಮಾಧಾನ ಇದು: "ನ್" ಎಂಬುದು ಅವರ ಚತುರ್ಥಿ ವಿಭಕ್ತಿ, ನಮ್ಮ "ಗೆ" ಇದ್ದ ಹಾಗೆ. ಅಂದರೆ ಮೂಲದಲ್ಲಿ "ಕೇಳಲ್ಪಟ್ಟದ್ದು ಅವನಿಗೆ" ಎಂದಿದ್ದುದು ಸವೆದು "ಅವನು ಕೇಳಿದನು" ಎಂದಾಯಿತು. ಇದು ವಿಚಿತ್ರವೆಂದು ತಮಗೆ ತೋರಬಹುದು. ಆದರೆ ತಾವು ದಿನವೂ ಸೂರತ್ತಿನ ಬೀದಿಯಲ್ಲಿ ಇಂಥದನ್ನೇ ಆಡುತ್ತಿದ್ದೀರಿ. ಗುಜರಾತಿಯಲ್ಲಿ "ಹುಂ ಖಾಉಂ ಛುಂ" ಎಂದರೆ ನಾನು ತಿನ್ನುತ್ತೇನೆ. ಅಲ್ಲಿ "ಹುಂ" ನಾನು. ಆಗಿಹೋದ ಮಾತಿಗೆ ಬಂದೊಡನೆ "ಮೇಂ ರೋಟಲೀ ಖಾಧೀ" ಎನ್ನಬೇಕು. "ಮೇಂ" ಎಂದರೆ ನನ್ನಿಂದ. ರೋಟಲೀ ಹೆಣ್ಣಾದುದರಿಂದ ಖಾಧೀ. ಗಂಡಾದ ರೋಟಲೋ ಆದರೆ ಖಾಧೋ. ತಿಂದವನು ಗಂಡೋ ಹೆಣ್ಣೋ ಕ್ರಿಯಾಪದಕ್ಕೆ ಬೇಕಿಲ್ಲ, ರೊಟ್ಟಿಯ ಲಿಂಗ ಬೇಕು! ನಮ್ಮಲ್ಲಿ ಎಷ್ಟೋ ಜನ ಹತ್ತು ವರ್ಷ ಇಲ್ಲಿದ್ದರೂ ಇದೊಂದರಲ್ಲಿ ಎಡವುತ್ತೇವೆ, ಕಾಯಿಪಲ್ಲೆಯ ಮುದುಕಿ ನಗುತ್ತಾಳೆ. ಆಗಿಹೋದ ಕೆಲಸವನ್ನು ಹೇಳುವಾಗ ಮಾಡಿದವನನ್ನು ಮುಂದಿಡದೆ ಆದ ವಸ್ತುವನ್ನು ಮುಂದಿಟ್ಟು, "ಇವನಿಂದ" ಎಂದೋ "ಇವನಿಗೆ" ಎಂದೋ ಸೇರಿಸುವುದು ಲೋಕದ ಹಲವು ಭಾಷೆಗಳ ಮರ್ಯಾದೆ. ನಮ್ಮದು ಹಾಗಲ್ಲ. "ತಿಂದೆನು" ಎಂದರೆ ತಿಂದವರು ನಾವೇ.

ಇನ್ನು "ಇಲ್ಲ" ಎಂಬ ಮಾತು. ಎರಡು ತೋಳುಗಳನ್ನು ಅಗಲಿಸಿ "ಏನೂ ಇಲ್ಲಪ್ಪ" ಎನ್ನುವಂಥ ಚಿತ್ರವೇ ಅವರ ನಿಷೇಧದ ಗುರುತು. ನೋಡಿದರೆ ನಗು ಬರುತ್ತದೆ. ಅದನ್ನು ಕ್ರಿಯಾಪದದ ಹಿಂದೆ ಇಟ್ಟಾಗ ಆಗುವ ಸಂಗತಿಯನ್ನು ಬ್ಯಾಟಿಸ್ಕೂಂಬ್ ಗನ್ ಎಂಬ ಇಂಗ್ಲಿಷ್ ವಿದ್ವಾಂಸನು 1924ರಲ್ಲಿ ತೋರಿಸಿದನು. "ಕೇಳುತ್ತಾನೆ" ಎಂಬ ರೂಪದ ಹಿಂದೆ ತೋಳುಗಳನ್ನಿಟ್ಟರೆ "ಕೇಳಲಿಲ್ಲ" ಎಂದಾಗುತ್ತದೆ. "ಕೇಳಿದನು" ಎಂಬ ರೂಪದ ಹಿಂದಿಟ್ಟರೆ "ಕೇಳುವುದಿಲ್ಲ, ಕೇಳಲಾರನು" ಎಂದಾಗುತ್ತದೆ. ಕಾಲ ಅದಲುಬದಲು! ಅಲ್ಲಿಯವರೆಗೆ ಎಷ್ಟು ಶಾಸನಗಳನ್ನು ಜನ ತಲೆಕೆಳಗಾಗಿ ಓದಿದ್ದರೋ.

ಇದನ್ನು ಓದುವಾಗ ನಮಗೆ ನಮ್ಮದೇ ಹಳೆಯ ನಿಷೇಧರೂಪ ನೆನಪಾಯಿತು. ಕೇಳೆನು, ಕೇಳನು, ಕೇಳಳು. ಇದರಲ್ಲಿ "ಇಲ್ಲ" ಎಂಬ ಮಾತೂ ಕಾಣದು, ಕಾಲದ ಗುರುತೂ ಕಾಣದು. ಧಾತುವಿಗೆ ನೇರವಾಗಿ ಬಾಲ ಹಚ್ಚಿದೆ, ಅಷ್ಟೆ. ನಡುವೆ ಕಾಲದ ಗುರುತು ಇಲ್ಲವೆಂಬುದೇ "ಇಲ್ಲ" ಎಂಬ ಅರ್ಥವನ್ನು ಕೊಡುತ್ತದೆ. ನಿನ್ನೆಗೂ ಇಂದಿಗೂ ನಾಳೆಗೂ ಅದೊಂದೇ. ಸುಮಾರು 1260ರಲ್ಲಿ ಶಬ್ದಮಣಿದರ್ಪಣವನ್ನು ಬರೆದ ಕೇಶಿರಾಜನು ಆಖ್ಯಾತವೆಂದರೆ ಕ್ರಿಯಾಪದಕ್ಕೇ ಒಂದು ಪ್ರಕರಣವನ್ನು ಮೀಸಲಿಟ್ಟಿದ್ದಾನೆ. ಈಗ ನಾವು ಮಾತಿನಲ್ಲಿ ಆ ರೂಪವನ್ನು ಹೆಚ್ಚಾಗಿ ಬಿಟ್ಟುಕೊಟ್ಟು, ಕೇಳುವುದಿಲ್ಲ, ಕೇಳಲಿಲ್ಲ, ಕೇಳಿಲ್ಲ ಎಂದು ಮೂರಾಗಿ ಹರಿದುಕೊಂಡಿದ್ದೇವೆ. "ಬಾರದು", "ಒಲ್ಲೆ", "ಅರಿಯೆ" ಎಂಬಂಥವು ಮಾತ್ರ ಉಳಿದಿವೆ.

ಈಜಿಪ್ಟಿನ ಕ್ರಿಯಾಪದದ ದೊಡ್ಡ ಗಂಟು ಇನ್ನೊಂದಿತ್ತು. "ಪ್ರೀತಿಸು" ಎಂಬಂಥ ಕೆಲವು ಧಾತುಗಳಲ್ಲಿ ಒಂದು ವ್ಯಂಜನ ಕೆಲವೆಡೆ ಒಂದು ಸಲ, ಕೆಲವೆಡೆ ಎರಡು ಸಲ ಬರುತ್ತದೆ: "ಮೆರ್", "ಮೆರೆರ್". ಗಾರ್ಡಿನರನು 1927ರ ತನ್ನ ದೊಡ್ಡ ವ್ಯಾಕರಣದಲ್ಲಿ ಇದನ್ನು ಮತ್ತೆ ಮತ್ತೆ ನಡೆಯುವ ಕ್ರಿಯೆಯೆಂದು ತಿಳಿದನು. ನಾವು "ಕೇಳಿ ಕೇಳಿ ಸಾಕಾಯಿತು" ಎನ್ನುವುದಿಲ್ಲವೆ, ಹಾಗೆ. ಆದರೆ ಜೆರೂಸಲೇಮಿನ ಪೊಲೊಟ್ಸ್ಕಿ 1944ರಲ್ಲಿ ಬೇರೊಂದು ಬಾಗಿಲು ತೆರೆದನು. ಆ ರೂಪದಲ್ಲಿ ಒತ್ತು ಬೀಳುವುದು ಕ್ರಿಯೆಯ ಮೇಲಲ್ಲ, ಅದರ ಜೊತೆಗಿರುವ ಎಲ್ಲಿ, ಯಾವಾಗ, ಹೇಗೆ ಎಂಬ ಮಾತಿನ ಮೇಲೆ ಎಂದನು. ಯುರೋಪಿನವರಿಗೆ ಇದನ್ನು ತಿಳಿಸಲು ಅವನು ಫ್ರೆಂಚಿನ ವಾಕ್ಯಗಳನ್ನು ಹಿಡಿದು ಸಾಕಷ್ಟು ಶ್ರಮಪಡಬೇಕಾಯಿತು. ಕನ್ನಡಿಗನಿಗೆ ಅರ್ಧ ನಿಮಿಷ ಸಾಕು. "ಅವನು ನಿನ್ನೆ ಬಂದನು" ಎಂಬುದು ಒಂದು ಮಾತು. "ಅವನು ಬಂದದ್ದು ನಿನ್ನೆ" ಎಂಬುದು ಇನ್ನೊಂದು. ಹಾಜರಿ ಪುಸ್ತಕದ ಮುಂದೆ ನಿಂತು ಒಂದು ದಿನದ ಪಗಾರಕ್ಕಾಗಿ ವಾದಿಸಿದವರಿಗೆಲ್ಲ ಈ ಎರಡರ ಅಂತರ ಗೊತ್ತು. ಬಂದದ್ದರಲ್ಲಿ ವಿವಾದವಿಲ್ಲ, ನಿನ್ನೆಯೋ ಮೊನ್ನೆಯೋ ಎಂಬುದರಲ್ಲಿ ವಿವಾದ. ಅದಕ್ಕಾಗಿ ನಾವು "ಬಂದನು" ಎಂಬ ಕ್ರಿಯೆಯನ್ನು "ಬಂದದ್ದು" ಎಂದು ನಾಮಪದ ಮಾಡಿ ಪಕ್ಕಕ್ಕಿಡುತ್ತೇವೆ. ಈಜಿಪ್ಟಿನವರೂ ಇದನ್ನೇ ಮಾಡುತ್ತಿದ್ದರೆಂಬುದು ಪೊಲೊಟ್ಸ್ಕಿಯ ಮಾತು. ಅವನು ತನ್ನ ವಾದವನ್ನು ತುಂಬ ದೂರ ಎಳೆದನೆಂದು ಮುಂದಿನವರು ತಿದ್ದಿದ್ದಾರೆ, ಆದರೆ ಬಾಗಿಲು ಮುಚ್ಚಿಲ್ಲ.

ಈಗ ನಮ್ಮ ವ್ಯಾಜ್ಯ. ಕೈರೋದ ದಕ್ಷಿಣಕ್ಕಿರುವ ಆಕ್ಸಿರಿಂಕಸ್ ಎಂಬ ಹಾಳೂರಿನ ಕಸದ ದಿಬ್ಬಗಳನ್ನು ಗ್ರೆನ್‌ಫೆಲ್ ಮತ್ತು ಹಂಟ್ ಎಂಬ ಇಬ್ಬರು ಅಗೆದು ಸಾವಿರಾರು ಕಾಗದದ ಚೂರುಗಳನ್ನು ಹೊರತೆಗೆದರು. ಪಪೈರಸ್ ಎಂಬ ಜೊಂಡಿನಿಂದ ಮಾಡಿದ ಕಾಗದ ಅದು. 1903ರಲ್ಲಿ ಅಚ್ಚಾದ ಮೂರನೆಯ ಸಂಪುಟದ 413ನೆಯ ಕಾಗದ ಒಂದು ಗ್ರೀಕ್ ಪ್ರಹಸನ, ಸುಮಾರು ಕ್ರಿ.ಶ. 2ನೆಯ ಶತಮಾನದ್ದು. ಕಾರಿಟಿಯನ್ ಎಂಬ ಗ್ರೀಕ್ ಹುಡುಗಿ ಹಿಂದೂ ಮಹಾಸಾಗರದ ಕರಾವಳಿಯ ಒಬ್ಬ ದೊರೆಯ ವಶದಲ್ಲಿ ಸಿಕ್ಕಿದ್ದಾಳೆ. ಅವಳ ಅಣ್ಣ ಹಡಗಿನಲ್ಲಿ ಬಂದು, ದೊರೆಗೂ ಪರಿವಾರಕ್ಕೂ ಮದ್ಯ ಕುಡಿಸಿ, ತಂಗಿಯನ್ನು ಬಿಡಿಸಿಕೊಂಡು ಹೋಗುತ್ತಾನೆ. ಆ ದೊರೆಯೂ ಅವನ ಜನರೂ ಗ್ರೀಕಲ್ಲದ ಯಾವುದೋ ಮಾತನ್ನು ಆಡುತ್ತಾರೆ. ಅದು ಗ್ರೀಕ್ ಅಕ್ಷರದಲ್ಲಿ, ಪದಗಳ ನಡುವೆ ತೆರಪಿಲ್ಲದೆ, ಸಾಲುಗಟ್ಟಿ ಬರೆದಿದೆ.

ಮದ್ರಾಸ್ ಸರಕಾರದಲ್ಲಿ ಶಾಸನತಜ್ಞರಾಗಿದ್ದ ಹುಲ್ಟ್ಜ್ ಅವರು 1904ರಲ್ಲಿ ಇದು ಕನ್ನಡವೆಂದರು. ಬೇರೆ, ಕೊಂಚ, ಪಾತ್ರಕ್ಕೆ, ಹಾಕಿ, ಕಟ್ಟಿ ಎಂಬ ಮಾತುಗಳನ್ನು ಅದರಲ್ಲಿ ಕಂಡರು. ಒಂದು ಉದ್ದ ಸಾಲಿನ ಕೊನೆಯನ್ನು "ಬೇರೆತ್ತುವೆನು" ಎಂದು ಬಿಡಿಸಿದರು. ಅರ್ಥಶಾಸ್ತ್ರವನ್ನು ಬೆಳಕಿಗೆ ತಂದ ಶಾಮಾಶಾಸ್ತ್ರಿಗಳೂ ಮಂಜೇಶ್ವರದ ಗೋವಿಂದ ಪೈಗಳೂ ಕನ್ನಡದ ಪಕ್ಷವನ್ನೇ ಹಿಡಿದರು. ಬಾರ್ನೆಟ್ ಎಂಬ ಲಂಡನ್ನಿನ ಪಂಡಿತರು 1926ರಲ್ಲಿ ಇದು ಕನ್ನಡವಲ್ಲವೆಂದು ಬರೆದರು. ಆಮೇಲೆ ಇದು ತುಳುವೆಂದು ವಾದಿಸಿದವರೂ ಉಂಟು. ನಾಟಕಕಾರ ಸುಮ್ಮನೆ ನಗಿಸಲು ಬಾಯಿಗೆ ಬಂದದ್ದನ್ನು ಬರೆದನೆನ್ನುವವರೂ ಉಂಟು.

ನಾಮಪದಗಳಿಂದ ಇದನ್ನು ತೀರ್ಮಾನಿಸಲು ಬರುವುದಿಲ್ಲವೆಂಬುದು ನಮ್ಮ ಅಭಿಪ್ರಾಯ. ಪಾತ್ರ, ಮದ್ಯ ಎಂಬ ಮಾತುಗಳನ್ನು ಹಡಗಿನವರು ಬಂದರಿನಿಂದ ಬಂದರಿಗೆ ಹೊತ್ತುಕೊಂಡು ಹೋಗುತ್ತಾರೆ. ಕ್ರಿಯಾಪದದ ಬಾಲವನ್ನು ಹಾಗೆ ಯಾರೂ ಹೊರುವುದಿಲ್ಲ. "ವೆನು" ಎಂಬುದು ನಿಜವಾಗಿದ್ದರೆ ಅಲ್ಲಿ ನಿಂತು ಮಾತಾಡಿದವನು ಕನ್ನಡದವನೇ ಸರಿ. ಅದನ್ನು ಪರೀಕ್ಷೆ ಮಾಡೋಣ. ಹಳಗನ್ನಡದಲ್ಲಿ ಕೇಳಿದೆನು ಎಂಬುದಕ್ಕೆ "ಕೇಳ್ದೆಂ", ಕೇಳುತ್ತೇನೆ ಎಂಬುದಕ್ಕೆ "ಕೇಳ್ದಪೆಂ", ಕೇಳುವೆನು ಎಂಬುದಕ್ಕೆ "ಕೇಳ್ವೆಂ". ಕೊನೆಯ ಉಕಾರ ಬಂದು "ವೆನು" ಎಂದಾದದ್ದು ಮುಂದೆ ನಡುಗನ್ನಡದ ಕಾಲಕ್ಕೆ. ನಾವು ಬಹುಕಾಲದಿಂದ ಹಳೆಯದೆಂದು ಓದುತ್ತ ಬಂದ ಹಲ್ಮಿಡಿ ಶಾಸನ ಸುಮಾರು 450ರದು. ಅದಕ್ಕೂ ಇನ್ನೂರು ಮುನ್ನೂರು ವರ್ಷ ಹಿಂದಿನವನು ಹಳಗನ್ನಡವನ್ನೂ ದಾಟಿ ನಮ್ಮ ಹಾಗೆ "ವೆನು" ಎನ್ನುವುದು ಹೇಗೆ? ಅಜ್ಜನ ಫೋಟೋದಲ್ಲಿ ಮೊಮ್ಮಗನ ಅಂಗಿ ಇದ್ದಂತಾಯಿತು. ಮೇಲಾಗಿ ಕಾಗದದಲ್ಲಿ ಇರುವ ಅಕ್ಷರಗಳ ಕೊನೆ "ವೆನು" ಅಲ್ಲ, "ವೆನಿ".

ಮೊನ್ನೆ ಇದನ್ನು ಹೇಳಿದೊಡನೆ ವಿಜಾಪುರದ ಕಡೆಯ ನಮ್ಮ ಗೆಳೆಯರು ಎದ್ದು, "ನಾವು ಬರತೀನಿ ಹೋಗತೀನಿ ಅಂತೀವಲ್ರೀ, ಅದ ನೋಡ್ರಿ ನಿ!" ಎಂದರು. ಎಲ್ಲರೂ ಚಪ್ಪಾಳೆ ತಟ್ಟಿದರು. ನಮಗೂ ಒಂದು ಗಳಿಗೆ ಸಂತೋಷವಾಯಿತು. ಆದರೆ ಆ "ತೀನಿ" ಇಂದಿನ ವರ್ತಮಾನರೂಪ. "ತ್ತ" ಮತ್ತು "ಏನೆ" ಸೇರಿ ಹೊಸಗನ್ನಡದಲ್ಲಿ ಹುಟ್ಟಿದ್ದು. ಹಳಗನ್ನಡದ "ದಪೆಂ" ಸತ್ತ ಮೇಲೆ ಅದರ ಜಾಗಕ್ಕೆ ಬಂದದ್ದು. ಇದು ಆ ಕಾಲಕ್ಕೆ ಸಾಕ್ಷಿ ಹೇಳಲಾರದು.

ಎದುರು ಪಕ್ಷಕ್ಕೂ ಒಂದು ಮಾತು ಸಲ್ಲಬೇಕು. "ಹಾಕಿ" ಎಂದು ಹುಲ್ಟ್ಜ್ ಓದಿದ ಕಡೆ ಕಾಗದದಲ್ಲಿರುವುದು ಪಕಾರ. ನಮ್ಮ ಹಾಲು ಮೊದಲು ಪಾಲು, ಹೋಗು ಮೊದಲು ಪೋಗು. ಪಕಾರ ಹಕಾರವಾದದ್ದು ಸುಮಾರು 10ನೆಯ ಶತಮಾನದಿಂದ ಈಚೆಗೆ. ಆದ್ದರಿಂದ ಆ ಒಂದು ಅಕ್ಷರ ಕಾಲಕ್ಕೆ ಒಪ್ಪುತ್ತದೆ. ಒಂದು ಅಕ್ಷರ ಒಪ್ಪುತ್ತದೆ, ಒಂದು ಬಾಲ ಒಪ್ಪುವುದಿಲ್ಲ. ಪಶ್ಚಿಮ ಕರಾವಳಿಗೂ ಈಜಿಪ್ಟಿಗೂ ಆ ಕಾಲದಲ್ಲಿ ಹಡಗಿನ ವ್ಯಾಪಾರ ಭರದಿಂದ ನಡೆದಿತ್ತೆಂಬುದು ನಿಜ. ನಮ್ಮ ನಾಡಿನವನೊಬ್ಬನ ಮಾತು ಯಾರ ಕಿವಿಗಾದರೂ ಬಿದ್ದಿರಬಹುದು. ಆದರೆ "ಬಿದ್ದಿರಬಹುದು" ಎಂಬುದನ್ನು "ಬಿದ್ದಿತು" ಎಂದು ಗೋಡೆಗೆ ಬರೆಯಲು ನಾವು ಒಪ್ಪುವುದಿಲ್ಲ. ಗೆಳೆಯರು ಕೋಪಿಸಿಕೊಳ್ಳಬಾರದು. ತುಣುಕನ್ನು ಕಡತದಲ್ಲಿ ಅಂಟಿಸಿದ್ದೇವೆ. ಎರಡೂ ಪಕ್ಷದ ಹೆಸರುಗಳನ್ನು ಕೆಳಗೆ ಬರೆದಿದ್ದೇವೆ.

ಕೊನೆಗೆ ಈಜಿಪ್ಟಿನ ಆ ಹಾವಿನ ಗತಿಯೇನಾಯಿತೆಂಬುದನ್ನು ಹೇಳಿ ಮುಗಿಸುತ್ತೇವೆ. ಕಾಲ ಹೋದಂತೆ ಅವರ ಕ್ರಿಯಾಪದದ ಬಾಲಗಳು ಸವೆದವು. ಜನ "ಮಾಡು" ಎಂಬ ಒಂದೇ ಧಾತುವಿಗೆ ಬಾಲ ಹಚ್ಚಿ, ಉಳಿದ ಧಾತುಗಳನ್ನು ಅದರ ಹಿಂದೆ ಬರಿದೆ ನಿಲ್ಲಿಸಿದರು. "ಕೇಳಿದನು" ಎಂಬುದು "ಮಾಡಿದನು ಕೇಳುವುದನ್ನು" ಎಂದಾಯಿತು. ಗ್ರೀಕ್ ಅಕ್ಷರಗಳಲ್ಲಿ ಬರೆದ ಕಾಪ್ಟಿಕ್ ಎಂಬ ಕೊನೆಯ ಅವಸ್ಥೆಯಲ್ಲಿ ಅದು ಇನ್ನೂ ಸವೆದು "ಅಫ್‌ಸೋತೆಮ್" ಎಂದಾಯಿತು. ಅದರಲ್ಲಿ "ಸೋತೆಮ್" ನಮ್ಮ ಸೆಜೆಮ್. ಮುಂದಿರುವ "ಅ" ಮಾಡು. ನಡುವಿನ "ಫ್" ಹಾವು. ಬಾಲದಲ್ಲಿದ್ದದ್ದು ತಲೆಯ ಕಡೆಗೆ ಹರಿದು ಬಂದಿದೆ. ಉತ್ತರ ಭಾಗದ ಕಾಪ್ಟಿಕ್ಕಿನಲ್ಲಿ ಗ್ರೀಕ್ ಕ್ರಿಯಾಪದಗಳನ್ನು ಎರವಲು ತಂದಾಗಲೂ ಮುಂದೆ ಇದೇ "ಮಾಡು" ಹಚ್ಚುತ್ತಿದ್ದರು. ನಾವು ಈಗ ಪಾಲಿಶ್ ಮಾಡು, ಸೈನ್ ಮಾಡು, ಫೋನ್ ಮಾಡು ಎನ್ನುವುದಿಲ್ಲವೆ! ಎರವಲು ಮಾತಿಗೆ ಹೆದರಬೇಕಾಗಿಲ್ಲ, "ಮಾಡಿದೆನು" ಎಂಬುದು ನಮ್ಮದಾಗಿ ಉಳಿದಿರುವ ತನಕ. ಆದರೆ ನಮ್ಮ ಕೆಲವು ಮನೆಗಳ ಮಕ್ಕಳು "ಗಾಡಿ ಬಂದಳು" ಎನ್ನುವುದನ್ನು ನಾವು ಕೇಳಿದ್ದೇವೆ. ಗುಜರಾತಿಯಲ್ಲಿ ಗಾಡಿ ಹೆಣ್ಣು, ಮಗುವಿನ ತಪ್ಪಲ್ಲ. ಮಾತು ಕನ್ನಡ, ಬಾಲ ಗುಜರಾತಿ. ಅದಕ್ಕೆ ಬೈಯದೆ, "ಗಾಡಿ ಬಂತು, ಅಮ್ಮ ಬಂದಳು" ಎಂದು ನಾಲ್ಕು ಸಲ ಹೇಳಿ ತೋರಿಸಿದರೆ ಸಾಕು.

ಕಾಪ್ಟಿಕ್ ಮನೆಮಾತಾಗಿ ಉಳಿಯಲಿಲ್ಲ. ಅರಬ್ಬಿ ಬಂದ ಮೇಲೆ ಕ್ರಮಕ್ರಮವಾಗಿ ಸುಮಾರು 17ನೆಯ ಶತಮಾನದ ಹೊತ್ತಿಗೆ ಬಳಕೆ ತಪ್ಪಿತು. ಅಲ್ಲಿಯ ಕ್ರೈಸ್ತರ ಪ್ರಾರ್ಥನೆಯಲ್ಲಿ ಮಾತ್ರ ಇಂದಿಗೂ ಕೇಳಿಬರುತ್ತದೆ. "ಫ್" ಎಂಬ ಉಚ್ಚಾರಕ್ಕೆ ಗ್ರೀಕಿನಲ್ಲಿ ಸರಿಯಾದ ಅಕ್ಷರ ಸಿಗದೆ ಅವರು ತಮ್ಮ ಹಳೆಯ ಹಾವಿನ ಚಿತ್ರವನ್ನೇ ಗೀಚಿ ಗೀಚಿ ಸಣ್ಣದಾಗಿ ಮಾಡಿ ಉಳಿಸಿಕೊಂಡರು. ಆ ಅಕ್ಷರವನ್ನೂ ಹಲಗೆಯ ಮೂಲೆಯಲ್ಲಿ ಬರೆದಿದ್ದೇವೆ. ಸಂಜೆ ಮಕ್ಕಳ ತರಗತಿ ಇದೆ. ಅವರು ನೋಡುವ ತನಕ ದಯವಿಟ್ಟು ಯಾರೂ ಹಲಗೆಯನ್ನು ಒರೆಸಬೇಡಿರಿ.